ಫೋಟೊ ಕಿರಿದಾಗುವಾಗ ಏನೇನು ಕಿರಿದಾಗುತ್ತದೆ?

‘ಫೈಲ್ ಗಾತ್ರ ಮಿತಿಯನ್ನು ಮೀರಿದೆ’ ಎಂಬ ಸಂದೇಶ ಪರದೆಯ ಮೇಲೆ ಕಾಣಿಸಿಕೊಂಡಾಗ ಒಬ್ಬರು ಫೋಟೊದ ಅಂಚುಗಳನ್ನು ಕತ್ತರಿಸುತ್ತಾರೆ, ಇನ್ನೊಬ್ಬರು ಗುಣಮಟ್ಟದ ಅಂಕಿಯನ್ನು ಇಳಿಸುತ್ತಾರೆ, ಮತ್ತೊಬ್ಬರು ಡಿಪಿಐ ಎಂಬಲ್ಲಿ 300 ಅಳಿಸಿ 72 ಎಂದು ಬರೆಯುತ್ತಾರೆ. ಮೂವರೂ ತಾವು ಗಾತ್ರ ತಗ್ಗಿಸಿದೆವು ಎಂದೇ ನಂಬಿರುತ್ತಾರೆ. ಮೊದಲನೆಯವರ ಫೋಟೊದಲ್ಲಿ ತುದಿಗೆ ನಿಂತಿದ್ದವರು ಮಾಯವಾಗಿರುತ್ತಾರೆ; ಎರಡನೆಯವರದರಲ್ಲಿ ಆಕಾಶ ಚೌಕಚೌಕವಾಗಿ ಒಡೆದಿರುತ್ತದೆ; ಮೂರನೆಯವರ ಫೈಲ್ ಮೊದಲು ಇದ್ದಷ್ಟೇ ಇರುತ್ತದೆ. ಇವರಲ್ಲಿ ಯಾರನ್ನೂ ದೂರಲಾಗದು. ‘ಗಾತ್ರ’ ಎಂಬ ಒಂದೇ ಪದದೊಳಗೆ ಮೂರು ಬೇರೆ ಬೇರೆ ಅಳತೆಗಳು ಸೇರಿಕೊಂಡಿವೆ. ಅವುಗಳನ್ನು ಬಿಡಿಸಿ ಹೇಳುವವರು ಕಡಿಮೆ.

ಫೋಟೊ ಎಂದರೆ ಪಿಕ್ಸೆಲ್ ಎಂಬ ಪುಟ್ಟ ಬಣ್ಣದ ಚುಕ್ಕೆಗಳ ಜೋಡಣೆ. ಅದರಲ್ಲಿ ಅಡ್ಡಕ್ಕೆ ಎಷ್ಟು ಪಿಕ್ಸೆಲ್, ಉದ್ದಕ್ಕೆ ಎಷ್ಟು ಪಿಕ್ಸೆಲ್ ಎಂಬುದು ಒಂದು ಲೆಕ್ಕ. ಆ ಪಿಕ್ಸೆಲ್‌ಗಳನ್ನೆಲ್ಲ ಬರೆದಿಡಲು ಎಷ್ಟು ಕಿಲೋಬೈಟ್ ಅಥವಾ ಮೆಗಾಬೈಟ್ ಬೇಕಾಯಿತು ಎಂಬುದು ಇನ್ನೊಂದು. ಕಾಗದದ ಮೇಲೆ ಅಚ್ಚು ಹಾಕಿದರೆ ಎಷ್ಟು ಇಂಚು ಎಂಬುದು ಮತ್ತೊಂದು. ಗೊಂದಲ ಬೇಡವೆಂದು ಈ ಬರಹದುದ್ದಕ್ಕೂ ಮೊದಲನೆಯದನ್ನು ‘ಅಳತೆ’ ಎಂದೂ ಎರಡನೆಯದನ್ನು ‘ತೂಕ’ ಎಂದೂ ಕರೆಯುತ್ತೇನೆ. ಮೂರನೆಯದಾದ ಇಂಚಿನ ವಿಚಾರವನ್ನು ಇಲ್ಲೇ ಮುಗಿಸಿಬಿಡಬಹುದು. ಡಿಪಿಐ ಎನ್ನುವುದು ‘ಒಂದು ಇಂಚಿನಲ್ಲಿ ಇಷ್ಟು ಚುಕ್ಕೆ ಇಟ್ಟು ಅಚ್ಚು ಹಾಕು’ ಎಂದು ಮುದ್ರಣ ಯಂತ್ರಕ್ಕೆ ಹೇಳುವ ಒಂದು ಟಿಪ್ಪಣಿ ಮಾತ್ರ. 1600 ಪಿಕ್ಸೆಲ್ ಅಗಲದ ಫೋಟೊವನ್ನು 300ರ ಲೆಕ್ಕದಲ್ಲಿ ಅಚ್ಚು ಹಾಕಿದರೆ ಸುಮಾರು ಐದೂಕಾಲು ಇಂಚು ಬರುತ್ತದೆ, 72ರ ಲೆಕ್ಕದಲ್ಲಿ ಇಪ್ಪತ್ತೆರಡು ಇಂಚು ದಾಟುತ್ತದೆ. ಪರದೆಯಾದರೋ ಆ ಟಿಪ್ಪಣಿಯನ್ನು ಓದುವುದೇ ಇಲ್ಲ. ಎರಡೂ ಅದಕ್ಕೆ 1600 ಪಿಕ್ಸೆಲ್‌ಗಳೇ. 1984ರ ಮೊದಲ ಮ್ಯಾಕಿಂಟಾಷ್ ಕಂಪ್ಯೂಟರಿನ ಪರದೆಯಲ್ಲಿ ಇಂಚಿಗೆ 72 ಚುಕ್ಕೆಗಳಿದ್ದವು. ‘ಅಂತರ್ಜಾಲಕ್ಕೆ 72 ಡಿಪಿಐ’ ಎಂಬ ಮಾತಿಗೆ ಅಂಥ ಪರದೆಗಳ ಕಾಲದಲ್ಲಿ ಒಂದಿಷ್ಟು ಅರ್ಥವಿತ್ತು, ಇಂದು ಇಲ್ಲ. ಒಂದೇ ಒಂದು ಎಚ್ಚರ: ಕೆಲವು ತಂತ್ರಾಂಶಗಳಲ್ಲಿ ‘ರೀಸ್ಯಾಂಪಲ್’ ಎಂಬ ಗುರುತು ಹಾಕಿದ್ದರೆ ಡಿಪಿಐ ಬದಲಿಸಿದೊಡನೆ ಪಿಕ್ಸೆಲ್‌ಗಳ ಸಂಖ್ಯೆಯೂ ಬದಲಾಗುತ್ತದೆ. ಆಗ ಫೈಲ್ ಕಿರಿದಾಗುವುದು ಡಿಪಿಐಯಿಂದಲ್ಲ, ಅದರ ಜೊತೆಗೆ ಪಿಕ್ಸೆಲ್ ಕಡಿಮೆಯಾದದ್ದರಿಂದ.

ಚುಕ್ಕೆಗಳ ಲೆಕ್ಕ

1957ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕಗಳ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ರಸೆಲ್ ಕಿರ್ಶ್ ಎಂಬ ಎಂಜಿನಿಯರ್ ತಮ್ಮ ಮೂರು ತಿಂಗಳ ಮಗನ ಫೋಟೊವೊಂದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಉಣಿಸಿದರು. ಅಡ್ಡಕ್ಕೆ 176, ಉದ್ದಕ್ಕೆ 176 ಚುಕ್ಕೆ, ಒಟ್ಟು 30,976. ಕಂಪ್ಯೂಟರಿನೊಳಗೆ ಸ್ಕ್ಯಾನರಿನ ಮೂಲಕ ಹೋದ ಮೊದಲ ಫೋಟೊ ಎಂದು ಅದನ್ನು ನೆನೆಯುತ್ತಾರೆ. ಅಷ್ಟೇ ಚುಕ್ಕೆಗಳಲ್ಲಿ ಮಗುವಿನ ಕಣ್ಣು, ಮೂಗು, ಕೆನ್ನೆ ಎಲ್ಲವೂ ಗುರುತು ಸಿಗುತ್ತವೆ. ಈ 30,976 ಎಂಬ ಸಂಖ್ಯೆಯನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಮತ್ತೊಮ್ಮೆ ಬೇಕಾಗುತ್ತದೆ.

ಇಂದಿನ ಮೊಬೈಲ್ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರುವ 12 ಮೆಗಾಪಿಕ್ಸೆಲ್ ಎಂದರೆ ಅಡ್ಡಕ್ಕೆ ಸುಮಾರು 4000, ಉದ್ದಕ್ಕೆ ಸುಮಾರು 3000, ಒಟ್ಟು 1 ಕೋಟಿ 20 ಲಕ್ಷ ಚುಕ್ಕೆಗಳು. ಪ್ರತಿ ಚುಕ್ಕೆಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್ ಹಿಡಿದರೆ ಒಂದು ಫೋಟೊ 36 ಎಂಬಿ ತೂಗಬೇಕು. ನಮ್ಮ ಕೈಗೆ ಬರುವ ಫೈಲ್ 3ರಿಂದ 5 ಎಂಬಿಯಷ್ಟೇ ಇರುತ್ತದೆ. ಈ ಪವಾಡದ ಹಿಂದಿರುವುದು ಫೋಟೊವನ್ನು ಕಡಿಮೆ ತೂಕದಲ್ಲಿ ಬರೆದಿಡುವ ಜೆಪೆಗ್ ಎಂಬ ವಿಧಾನ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಈಗ ನೋಡುವ ಪರದೆಯ ಕಡೆಗೆ ಬನ್ನಿ. ಫುಲ್ ಎಚ್‌ಡಿ ಎಂದು ಕರೆಯುವ ಪರದೆಯಲ್ಲಿ ಇರುವುದು 1920 ಅಡ್ಡ, 1080 ಉದ್ದ, ಅಂದರೆ ಸುಮಾರು 20 ಲಕ್ಷ 74 ಸಾವಿರ ಚುಕ್ಕೆಗಳು. ಕ್ಯಾಮೆರಾ ತೆಗೆದ ಪೂರ್ತಿ ಫೋಟೊವನ್ನು ಅದರ ಮೇಲೆ ತೋರಿಸಬೇಕಾದರೆ ಪ್ರತಿ ಆರು ಚುಕ್ಕೆಗಳಲ್ಲಿ ಐದಕ್ಕೆ ಜಾಗವೇ ಇಲ್ಲ. ನೋಡುವವರ ಫೋನ್ ಅಥವಾ ಕಂಪ್ಯೂಟರ್ ಅಷ್ಟನ್ನೂ ಇಳಿಸಿಕೊಂಡು, ಅವಸರದಲ್ಲಿ ತನಗೆ ತೋಚಿದಂತೆ ಕುಗ್ಗಿಸಿ ತೋರಿಸುತ್ತದೆ. ಅವರ ಡೇಟಾ ಖರ್ಚಾಗುತ್ತದೆ, ಸಮಯ ಹೋಗುತ್ತದೆ, ಕಣ್ಣಿಗೆ ಒಂದು ಗುಲಗಂಜಿಯಷ್ಟೂ ಹೆಚ್ಚು ಸಿಗುವುದಿಲ್ಲ. ಹೇಗೂ ಫೋಟೊ ಎಲ್ಲೋ ಒಂದು ಕಡೆ ಕುಗ್ಗಲೇಬೇಕು. ಹಾಗಿರುವಾಗ ಆ ಕೆಲಸವನ್ನು ಫೋಟೊ ತೆಗೆದವರೇ ಕಣ್ಣಾರೆ ನೋಡಿಕೊಂಡು ಮಾಡುವುದು ಒಳ್ಳೆಯದು ಎಂಬುದು ನನ್ನ ದೃಢ ಅಭಿಪ್ರಾಯ. ಫೋಟೊ ಏರಿಸಿಕೊಳ್ಳುವ ತಾಣಗಳು ತಮ್ಮ ಮಿತಿಗಿಂತ ದೊಡ್ಡದು ಬಂದರೆ ತಾವೇ ಕುಗ್ಗಿಸುತ್ತವೆ, ನಿಜ. ಆದರೆ ಅವು ಕೋಟ್ಯಂತರ ಫೋಟೊಗಳಿಗೆ ಒಂದೇ ಅಚ್ಚನ್ನು ಒತ್ತುತ್ತವೆ. ನಿಮ್ಮ ಫೋಟೊದಲ್ಲಿ ಮುಖ್ಯವಾದದ್ದು ಹಕ್ಕಿಯ ಕಣ್ಣೋ ಹಿಂದಿನ ಎಲೆಯೋ ಎಂಬುದು ಅವುಗಳಿಗೆ ಗೊತ್ತಿಲ್ಲ.

ಹಾಗಾದರೆ ಎಷ್ಟು ಅಳತೆ ಸಾಕು? ಉದ್ದನೆಯ ಬದಿ 1600 ಪಿಕ್ಸೆಲ್ ಎಂಬುದನ್ನು ನಾನು ಬಹುತೇಕ ಎಲ್ಲ ಕಡೆಗೂ ಬಳಸುತ್ತೇನೆ. ಬರಹದ ನಡುವೆ ಫೋಟೊ ಕೂರುವ ಜಾಗ ಸಾಮಾನ್ಯವಾಗಿ 700, 800 ಪಿಕ್ಸೆಲ್ ಅಗಲಕ್ಕೆ ಲೆಕ್ಕ ಹಾಕಿದ್ದಾಗಿರುತ್ತದೆ. ಆದರೆ 2010ರಲ್ಲಿ ಆ್ಯಪಲ್ ‘ರೆಟಿನಾ’ ಎಂಬ ಹೆಸರಿನಲ್ಲಿ ಇಂಚಿಗೆ 326 ಪಿಕ್ಸೆಲ್‌ಗಳ ಪರದೆಯನ್ನು ಐಫೋನ್ 4ರಲ್ಲಿ ತಂದ ಮೇಲೆ ಒತ್ತೊತ್ತಾದ ಪರದೆಗಳು ಎಲ್ಲೆಡೆ ಬಂದಿವೆ. ಅವುಗಳಲ್ಲಿ ಲೆಕ್ಕದ ಒಂದು ಪಿಕ್ಸೆಲ್ ಜಾಗದಲ್ಲಿ ಅಡ್ಡಕ್ಕೆ ಎರಡು, ಕೆಲವೊಮ್ಮೆ ಮೂರು ನಿಜವಾದ ಚುಕ್ಕೆಗಳಿರುತ್ತವೆ. 800ರ ಜಾಗಕ್ಕೆ 1600 ಕೊಟ್ಟರೆ ಅಂಥ ಪರದೆಯಲ್ಲೂ ಫೋಟೊ ಮಸುಕಾಗದು. 4000 × 3000 ಇದ್ದದ್ದು 1600 × 1200 ಆದಾಗ ಉಳಿಯುವುದು 19 ಲಕ್ಷ 20 ಸಾವಿರ ಚುಕ್ಕೆಗಳು, ಮೂಲದ ಆರನೇ ಒಂದು ಭಾಗಕ್ಕಿಂತಲೂ ಕಡಿಮೆ. ಇಲ್ಲಿ ಹಲವರು ಎಡವುವ ಒಂದು ಗಣಿತವಿದೆ: ಅಗಲವನ್ನು ಅರ್ಧ ಮಾಡಿದರೆ ಎತ್ತರವೂ ಅರ್ಧವಾಗುತ್ತದೆ, ಆದ್ದರಿಂದ ಚುಕ್ಕೆಗಳು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತವೆ. ಸ್ವಲ್ಪ ಕುಗ್ಗಿಸಿದರೂ ತೂಕ ಗಣನೀಯವಾಗಿ ಇಳಿಯುವುದು ಇದರಿಂದಲೇ.

ಅಗಲ ಮತ್ತು ಎತ್ತರಗಳ ಅನುಪಾತವನ್ನು ಬೀಗ ಹಾಕಿದಂತೆ ಇಟ್ಟುಕೊಳ್ಳಬೇಕು. ಎಲ್ಲ ತಂತ್ರಾಂಶಗಳಲ್ಲೂ ಇದಕ್ಕೊಂದು ಗುರುತು ಇರುತ್ತದೆ, ಹೆಚ್ಚಾಗಿ ಸರಪಳಿಯ ಅಥವಾ ಬೀಗದ ಚಿತ್ರ. ಅದು ಬಿಚ್ಚಿದ್ದರೆ ಮುಖಗಳು ಸೊಟ್ಟಗಾಗುತ್ತವೆ. ಒಂದು ಬದಿಯ ಅಂಕಿ ಬರೆದು ಇನ್ನೊಂದನ್ನು ತಂತ್ರಾಂಶಕ್ಕೆ ಬಿಡಿ.

ಇನ್ನೊಂದು ಭ್ರಮೆಯನ್ನೂ ಇಲ್ಲೇ ಕಳೆಯಬೇಕು. ಬರಹದಲ್ಲೋ ಇಮೇಲ್‌ನಲ್ಲೋ ಸೇರಿಸಿದ ಫೋಟೊದ ಮೂಲೆಯನ್ನು ಮೌಸ್‌ನಿಂದ ಹಿಡಿದು ಒಳಕ್ಕೆ ಎಳೆದರೆ ಅದು ಚಿಕ್ಕದಾಗಿ ಕಾಣುತ್ತದೆ. ಆದರೆ ಎಷ್ಟೋ ಕಡೆ ಚಿಕ್ಕದಾಗುವುದು ನೋಟ ಮಾತ್ರ. ಒಳಗಿರುವ ಫೈಲ್ ಆಗಲೂ ಅದೇ 4 ಎಂಬಿ ತೂಗುತ್ತಿರುತ್ತದೆ.

ಆರೂಕಾಲು ಚುಕ್ಕೆ ಸೇರಿ ಒಂದು

4000ವನ್ನು 1600ರಿಂದ ಭಾಗಿಸಿದರೆ ಎರಡೂವರೆ. ಅಂದರೆ ಹೊಸ ಫೋಟೊದ ಒಂದು ಚುಕ್ಕೆ ಹಳೆಯದರ ಎರಡೂವರೆ ಅಡ್ಡ, ಎರಡೂವರೆ ಉದ್ದದ ಜಾಗವನ್ನು, ಒಟ್ಟು ಆರೂಕಾಲು ಚುಕ್ಕೆಗಳನ್ನು ಪ್ರತಿನಿಧಿಸಬೇಕು. ಈ ಆರೂಕಾಲರಲ್ಲಿ ಹೊಸ ಚುಕ್ಕೆಗೆ ಯಾವ ಬಣ್ಣ ಕೊಡುವುದು? ಫೋಟೊ ಕುಗ್ಗಿಸುವ ವಿದ್ಯೆಯ ತಿರುಳೆಲ್ಲ ಈ ಒಂದು ಪ್ರಶ್ನೆಯಲ್ಲಿದೆ.

ಅತ್ಯಂತ ಸುಲಭದ ದಾರಿ, ಆ ಆರರಲ್ಲಿ ನಡುವಿನ ಒಂದನ್ನು ಎತ್ತಿಕೊಂಡು ಉಳಿದವನ್ನು ಎಸೆಯುವುದು. ತಂತ್ರಾಂಶಗಳು ಇದನ್ನು ‘ನಿಯರೆಸ್ಟ್ ನೇಬರ್’ ಎನ್ನುತ್ತವೆ. ಆಕಾಶದ ಹಿನ್ನೆಲೆಯಲ್ಲಿ ಒಂದೇ ಪಿಕ್ಸೆಲ್ ದಪ್ಪದ ವಿದ್ಯುತ್ ತಂತಿ ಓರೆಯಾಗಿ ಹಾದುಹೋಗಿದೆ ಎಂದುಕೊಳ್ಳಿ. ಎತ್ತಿಕೊಂಡ ಚುಕ್ಕೆ ಕೆಲವೆಡೆ ತಂತಿಯ ಮೇಲೆ ಬೀಳುತ್ತದೆ, ಕೆಲವೆಡೆ ಆಕಾಶದ ಮೇಲೆ ಬೀಳುತ್ತದೆ. ಹೊಸ ಫೋಟೊದಲ್ಲಿ ತಂತಿ ತುಂಡುತುಂಡಾಗಿ ಕಾಣುತ್ತದೆ. ಪಟ್ಟೆಪಟ್ಟೆಯ ಅಂಗಿ, ಜಾಲರಿ, ಹೆಂಚಿನ ಸಾಲುಗಳಂಥ ಮರುಕಳಿಸುವ ವಿನ್ಯಾಸಗಳ ಗತಿ ಇನ್ನೂ ಕಷ್ಟ. ಎತ್ತಿಕೊಂಡ ಚುಕ್ಕೆಗಳ ಲಯಕ್ಕೂ ಪಟ್ಟೆಗಳ ಲಯಕ್ಕೂ ತಾಳ ತಪ್ಪಿ, ಅಂಗಿಯಲ್ಲಿ ಎಂದೂ ಇಲ್ಲದ ಅಲೆಅಲೆಯ ಪಟ್ಟೆಗಳು ಹುಟ್ಟಿಕೊಳ್ಳುತ್ತವೆ. ಇದಕ್ಕೆ ಮ್ವಾರೆ ಎಂಬ ಹೆಸರಿದೆ.

ಅದಕ್ಕಿಂತ ನ್ಯಾಯವಾದ ದಾರಿ, ಆರೂಕಾಲು ಚುಕ್ಕೆಗಳ ಸರಾಸರಿ ತೆಗೆಯುವುದು. ಆಗ ತಂತಿ ಎಲ್ಲಿಯೂ ತುಂಡಾಗುವುದಿಲ್ಲ. ತುಸು ತೆಳುವಾದ ಬೂದು ಬಣ್ಣದಲ್ಲಿ ಕೊನೆಯವರೆಗೂ ಹರಿಯುತ್ತದೆ. ಸರಾಸರಿಗೆ ಇನ್ನೊಂದು ದೊಡ್ಡ ಗುಣವಿದೆ. ಮಬ್ಬು ಬೆಳಕಿನಲ್ಲಿ ತೆಗೆದ ಫೋಟೊಗಳಲ್ಲಿ ಮರಳು ಚೆಲ್ಲಿದಂತೆ ಕಾಣುವ ಗದ್ದಲದ ಚುಕ್ಕೆಗಳು ಒಂದೊಂದೂ ತಮ್ಮಷ್ಟಕ್ಕೆ ಮೇಲೆ ಕೆಳಗೆ ಏರುಪೇರಾಗಿರುತ್ತವೆ. ನಾಲ್ಕನ್ನು ಸೇರಿಸಿ ಸರಾಸರಿ ತೆಗೆದರೆ ಈ ಏರುಪೇರು ಒಂದನ್ನೊಂದು ಕಳೆದುಕೊಂಡು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಪೂರ್ತಿ ಅಳತೆಯಲ್ಲಿ ನೋಡಿ ‘ಇದು ಕೆಟ್ಟಿದೆ’ ಎಂದು ಬದಿಗಿಟ್ಟ ರಾತ್ರಿಯ ಫೋಟೊ 1600ಕ್ಕೆ ಇಳಿದಾಗ ಹಂಚಿಕೊಳ್ಳುವಷ್ಟು ಚೆನ್ನಾಗಿ ಕಾಣುವುದು ಇದೇ ಕಾರಣಕ್ಕೆ. ಅಳಿಸುವ ಮೊದಲು ಒಮ್ಮೆ ಕುಗ್ಗಿಸಿ ನೋಡಿ.

ತಂತ್ರಾಂಶದ ಪಟ್ಟಿಯಲ್ಲಿ ಕಾಣುವ ಬೈಕ್ಯುಬಿಕ್, ಲಾನ್‌ಜೋಸ್ ಮುಂತಾದ ಹೆಸರುಗಳು ಈ ಸರಾಸರಿಯ ಬೇರೆ ಬೇರೆ ಪಾಕಗಳು. ಎಲ್ಲ ಚುಕ್ಕೆಗಳಿಗೂ ಒಂದೇ ಬೆಲೆ ಕೊಡದೆ, ಹತ್ತಿರದವಕ್ಕೆ ಹೆಚ್ಚು, ದೂರದವಕ್ಕೆ ಕಡಿಮೆ ಬೆಲೆ ಕೊಟ್ಟು ಲೆಕ್ಕ ಹಾಕುತ್ತವೆ. ಲಾನ್‌ಜೋಸ್ ಎಂಬುದು ಹಂಗೇರಿ ಮೂಲದ ಗಣಿತಜ್ಞ ಕಾರ್ನೀಲಿಯಸ್ ಲಾನ್‌ಜೋಸ್ ಅವರ ಹೆಸರಿನಿಂದ ಬಂದದ್ದು. ಅಂಚುಗಳು ಅದರಲ್ಲಿ ಹೆಚ್ಚು ಚೂಪಾಗಿ ಉಳಿಯುತ್ತವೆ. ಫೋಟೊ ಕುಗ್ಗಿಸುವಾಗ ಇವೆರಡರಲ್ಲಿ ಯಾವುದನ್ನು ಆರಿಸಿದರೂ ಅಂತರ ಸಣ್ಣದು. ನಿಯರೆಸ್ಟ್ ನೇಬರ್ ಆಗಿರದಿದ್ದರೆ ಸಾಕು.

ಸರಾಸರಿಯಿಂದ ಒಂದು ನಷ್ಟವೂ ಇದೆ. ಕಪ್ಪು ಕೂದಲು ಮತ್ತು ಬೆಳಕಿನ ಹಿನ್ನೆಲೆ ಸೇರುವ ಗೆರೆಯಲ್ಲಿ ಕಪ್ಪೂ ಬಿಳಿಯೂ ಬೆರೆತು ಬೂದು ಆಗುತ್ತದೆ, ಫೋಟೊ ಒಂದಿಷ್ಟು ಮೆತ್ತಗಾಗುತ್ತದೆ. ಇದನ್ನು ಸರಿಪಡಿಸಲು ಕುಗ್ಗಿಸಿದ ಮೇಲೆ ಸ್ವಲ್ಪ ಶಾರ್ಪನ್ ಮಾಡಬೇಕು. ಅದು ಅಂಚಿನ ಕಪ್ಪು ಬದಿಯನ್ನು ಇನ್ನಷ್ಟು ಕಪ್ಪಾಗಿಸಿ, ಬಿಳಿ ಬದಿಯನ್ನು ಇನ್ನಷ್ಟು ಬೆಳ್ಳಗಾಗಿಸುತ್ತದೆ. ಮೊದಲೇ ಶಾರ್ಪನ್ ಮಾಡಿ ಆಮೇಲೆ ಕುಗ್ಗಿಸಿದರೆ ಸರಾಸರಿಯಲ್ಲಿ ಆ ಶ್ರಮವೆಲ್ಲ ಕರಗಿಹೋಗುತ್ತದೆ. ಕೈ ಮಾತ್ರ ಹಗುರಾಗಿರಬೇಕು: ಕೂದಲಿನ ಸುತ್ತ ಬೆಳ್ಳಗೆ ಪ್ರಭೆ ಕಾಣಿಸಿಕೊಂಡರೆ ಹೆಚ್ಚಾಯಿತು ಎಂದರ್ಥ.

ಹಿಗ್ಗಿಸುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. 640 ಪಿಕ್ಸೆಲ್ ಇದ್ದದ್ದನ್ನು 1600 ಮಾಡಿದರೆ ತಂತ್ರಾಂಶ ನಡುವಿನ ಚುಕ್ಕೆಗಳನ್ನು ಊಹಿಸಿ ತುಂಬುತ್ತದೆ. ಕಳೆದುಹೋದದ್ದು ಮರಳಿ ಬರುವುದಿಲ್ಲ.

ತೂಕ ಇಳಿಯುವ ಬಗೆ

ಅಳತೆ ಕುಗ್ಗಿತು. ಇನ್ನು ತೂಕ. 1992ರಲ್ಲಿ ಮಾನಕವಾಗಿ ಒಪ್ಪಿತವಾದ ಜೆಪೆಗ್ ವಿಧಾನ ಇಂದಿಗೂ ಫೋಟೊಗಳ ಸಾಮಾನ್ಯ ರೂಪ. ಅದರ ಎದೆಯೊಳಗಿರುವ ಗಣಿತವನ್ನು 1974ರಲ್ಲಿ ನಾಸಿರ್ ಅಹ್ಮದ್, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ತಮ್ಮ ಪ್ರಬಂಧದಲ್ಲಿ ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬುದು ಅದರ ಹೆಸರು. ಹೆಸರು ಭಯ ಹುಟ್ಟಿಸಿದರೂ ಒಳಗಿನ ಯೋಚನೆ ಸುಂದರವಾಗಿದೆ.

ಜೆಪೆಗ್ ಮೊದಲು ಫೋಟೊವನ್ನು 8 × 8 ಪಿಕ್ಸೆಲ್‌ಗಳ ಚೌಕಗಳಾಗಿ ಹೆಚ್ಚುತ್ತದೆ. ನಮ್ಮ 1600 × 1200ರ ಫೋಟೊದಲ್ಲಿ ಅಡ್ಡಕ್ಕೆ 200, ಉದ್ದಕ್ಕೆ 150 ಚೌಕಗಳು, ಒಟ್ಟು 30,000. ಕಿರ್ಶ್ ಅವರ ಮಗನ ಇಡೀ ಮುಖಕ್ಕೆ ಒದಗಿದ್ದ ಚುಕ್ಕೆಗಳು ಹೆಚ್ಚುಕಡಿಮೆ ಇಷ್ಟೇ ಅಲ್ಲವೇ? ಅಂದರೆ ಒಂದೊಂದು ಚೌಕಕ್ಕೂ ಒಂದೊಂದೇ ಬಣ್ಣ ಬಳಿದರೂ ಮುಖ ಯಾರದೆಂದು ಗುರುತಿಸಬಹುದು. ಉಳಿದದ್ದೆಲ್ಲ ಆ ಚೌಕದೊಳಗಿನ ಏರಿಳಿತದ ವಿವರ. ಜೆಪೆಗ್ ಪ್ರತಿ ಚೌಕದ 64 ಚುಕ್ಕೆಗಳನ್ನು ಹಾಗೆಯೇ ಬರೆದಿಡದೆ, 64 ಸಿದ್ಧ ವಿನ್ಯಾಸಗಳ ಮಿಶ್ರಣವಾಗಿ ವಿವರಿಸುತ್ತದೆ. ಮೊದಲನೆಯ ವಿನ್ಯಾಸ ಬರೀ ಸಪಾಟು ಬಣ್ಣ, ಆಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ನಿಧಾನವಾಗಿ ಬದಲಾಗುವ ನೆರಳು, ಆಮೇಲೆ ಪಟ್ಟೆಗಳು, ಕೊನೆಯಲ್ಲಿ ಚದುರಂಗದ ಹಾಸಿನಂಥ ದಟ್ಟ ಜಾಲ. ‘ಇದು ಇಷ್ಟು, ಅದು ಅಷ್ಟು ಬೆರೆಸಿದರೆ ಈ ಚೌಕ ಬರುತ್ತದೆ’ ಎಂದು ಬರೆದಿಡುತ್ತದೆ.

ಇಲ್ಲಿಯವರೆಗೆ ಏನೂ ನಷ್ಟವಾಗಿಲ್ಲ ಎಂದೇ ಹೇಳಬೇಕು. ಮುಂದಿನ ಹೆಜ್ಜೆಯಲ್ಲಿ ಆ ಪ್ರಮಾಣಗಳನ್ನು ಒಂದೊಂದು ಸಂಖ್ಯೆಯಿಂದ ಭಾಗಿಸಿ, ಬಂದ ಉತ್ತರವನ್ನು ಹತ್ತಿರದ ಪೂರ್ಣಾಂಕಕ್ಕೆ ತರುತ್ತದೆ. ನಯವಾದ ನೆರಳುಗಳನ್ನು ಸಣ್ಣ ಸಂಖ್ಯೆಯಿಂದ, ದಟ್ಟ ಜಾಲಗಳನ್ನು ದೊಡ್ಡ ಸಂಖ್ಯೆಯಿಂದ ಭಾಗಿಸುತ್ತದೆ, ಏಕೆಂದರೆ ನಮ್ಮ ಕಣ್ಣು ಅತಿ ಸೂಕ್ಷ್ಮ ಏರಿಳಿತವನ್ನು ಅಷ್ಟಾಗಿ ಗಮನಿಸುವುದಿಲ್ಲ. ಹೀಗಾಗಿ ದಟ್ಟ ವಿನ್ಯಾಸಗಳ ಪಾಲಿಗೆ ಬಹುತೇಕ ಸೊನ್ನೆಗಳೇ ಬರುತ್ತವೆ, ಸಾಲು ಸೊನ್ನೆಗಳನ್ನು ತೀರ ಕಡಿಮೆ ಜಾಗದಲ್ಲಿ ಬರೆದಿಡಬಹುದು. ಫೋಟೊ ಉಳಿಸುವಾಗ ನೀವು ಎಳೆಯುವ ‘ಗುಣಮಟ್ಟ’ದ ಅಂಕಿ ನಿರ್ಧರಿಸುವುದು ಈ ಭಾಜಕಗಳು ಎಷ್ಟು ದೊಡ್ಡದಿರಬೇಕು ಎಂಬುದನ್ನೇ. ಅಂಕಿ ತೀರ ಇಳಿಸಿದರೆ ಚೌಕದಲ್ಲಿ ಸಪಾಟು ಬಣ್ಣವೊಂದೇ ಉಳಿದು ಅಕ್ಕಪಕ್ಕದ ಚೌಕಗಳ ನಡುವಿನ ಹೊಲಿಗೆ ಕಾಣತೊಡಗುತ್ತದೆ. ಆರಂಭದಲ್ಲಿ ಹೇಳಿದ ಒಡೆದ ಆಕಾಶ ಅದೇ.

ಬಣ್ಣದ ವಿಚಾರದಲ್ಲಿ ಜೆಪೆಗ್ ಇನ್ನೂ ಧೈರ್ಯ ತೋರುತ್ತದೆ. ಬೆಳಕಿನ ಏರಿಳಿತಕ್ಕೆ ಚುರುಕಾಗಿರುವ ಕಣ್ಣು ಬಣ್ಣದ ಏರಿಳಿತಕ್ಕೆ ಅಷ್ಟು ಚುರುಕಲ್ಲ. ಆದ್ದರಿಂದ ಬೆಳಕನ್ನು ಬೇರೆ, ಬಣ್ಣವನ್ನು ಬೇರೆ ಮಾಡಿ, ಎಷ್ಟೋ ಸಲ ನಾಲ್ಕು ಚುಕ್ಕೆಗಳಿಗೆ ಒಂದೇ ಬಣ್ಣವನ್ನು ಹಂಚುತ್ತದೆ. ಮುಖ, ಮರ, ಮೋಡಗಳಲ್ಲಿ ಇದು ಗೊತ್ತಾಗುವುದೇ ಇಲ್ಲ. ನೀಲಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರ ಇದ್ದರೆ ಮಾತ್ರ ಅಕ್ಷರದ ಅಂಚು ಕದಡಿದಂತೆ ಕಾಣುತ್ತದೆ. ಪರದೆಯ ಚಿತ್ರ, ನಕ್ಷೆ, ಗೆರೆಚಿತ್ರ, ಬರಹ ಇರುವ ಚಿತ್ರಗಳನ್ನು ಪಿಎನ್‌ಜಿ ರೂಪದಲ್ಲಿ ಉಳಿಸುವುದು ಇದಕ್ಕಾಗಿಯೇ. ಅದು ಯಾವುದನ್ನೂ ಕಳೆಯುವುದಿಲ್ಲ. ಅದೇ ಪಿಎನ್‌ಜಿಯಲ್ಲಿ ಫೋಟೊ ಉಳಿಸಿದರೆ ಜೆಪೆಗ್‌ನ ಹಲವು ಪಟ್ಟು ತೂಗುತ್ತದೆ.

ಅಂಕಿ ಎಷ್ಟಿರಲಿ? ನೂರರವರೆಗಿನ ಅಳತೆಗೋಲಿನಲ್ಲಿ 80ರಿಂದ 85. ನೂರಕ್ಕೆ ಇಡುವುದರಿಂದ ತೂಕ ಎರಡು ಮೂರು ಪಟ್ಟಾಗುತ್ತದೆಯೇ ಹೊರತು ಕಣ್ಣಿಗೆ ಲಾಭವಿಲ್ಲ. ಇದು ಶೇಕಡಾವಾರು ಅಲ್ಲ ಎಂಬುದನ್ನೂ ಗಮನಿಸಬೇಕು. 80 ಎಂದರೆ ಫೋಟೊದ ನೂರಕ್ಕೆ ಎಂಬತ್ತು ಭಾಗ ಉಳಿಯಿತು ಎಂದಲ್ಲ. ಒಂದು ತಂತ್ರಾಂಶದ 80 ಇನ್ನೊಂದರ 80ಕ್ಕೆ ಸಮನೂ ಅಲ್ಲ. ಫೋಟೊಶಾಪ್ ಜೆಪೆಗ್ ಉಳಿಸುವಾಗ 0ಯಿಂದ 12ರವರೆಗಿನ ತನ್ನದೇ ಅಳತೆಗೋಲು ತೋರಿಸುತ್ತದೆ. ಜೊತೆಗೆ, ಒಂದೇ ಅಳತೆಯ, ಒಂದೇ ಅಂಕಿಯ ಎರಡು ಫೋಟೊಗಳ ತೂಕ ಬೇರೆ ಬೇರೆಯಾಗುವುದು ಸಹಜ. ಹುಲ್ಲು, ಎಲೆ, ಮರಳು, ಜಲ್ಲಿಕಲ್ಲು ತುಂಬಿದ ಫೋಟೊದಲ್ಲಿ ದಟ್ಟ ವಿನ್ಯಾಸಗಳು ಹೆಚ್ಚು, ಸೊನ್ನೆಗಳು ಕಡಿಮೆ. ಮಂಜು ಕವಿದ ಬೆಟ್ಟದ ಫೋಟೊ ಅದರ ಮುಂದೆ ಹತ್ತಿಯಂತೆ ಹಗುರ.

500 ಕೆಬಿ ಮೀರಬಾರದು ಎಂಬಂಥ ಮಿತಿ ಎದುರಾದಾಗ ಏನು ಮಾಡಬೇಕು ಎಂಬುದಕ್ಕೆ ಈಗ ಉತ್ತರ ತಾನಾಗಿ ಸಿಗುತ್ತದೆ. ಅಳತೆಯನ್ನು ಮುಟ್ಟದೆ 4000 ಪಿಕ್ಸೆಲ್‌ನಲ್ಲೇ ಇಟ್ಟು, ಮಿತಿಯೊಳಗೆ ಬರುವ ತನಕ ಗುಣಮಟ್ಟವನ್ನು 20ಕ್ಕೋ 15ಕ್ಕೋ ಇಳಿಸಬಹುದು. ಅಥವಾ ಅಳತೆಯನ್ನು 1600ಕ್ಕೆ ತಂದು ಗುಣಮಟ್ಟವನ್ನು 80ರ ಆಸುಪಾಸಿನಲ್ಲಿ ಉಳಿಸಿಕೊಳ್ಳಬಹುದು. ಎರಡರ ತೂಕವೂ ಹೆಚ್ಚುಕಡಿಮೆ ಒಂದೇ ಆಗಬಹುದು, ಆದರೆ ಮೊದಲನೆಯದರಲ್ಲಿ ಉಳಿದಿರುವುದು ಯಾರೂ ನೋಡದ ಚುಕ್ಕೆಗಳ ಮೇಲೆ ಎಲ್ಲರಿಗೂ ಕಾಣುವ ಕಲೆಗಳು. ಮೊದಲು ಅಳತೆ, ಆಮೇಲೆ ಗುಣಮಟ್ಟ. 1600ರಲ್ಲಿ 80 ಇಟ್ಟರೂ ಮಿತಿ ಮೀರಿದರೆ ಅಳತೆಯನ್ನು 1400, 1200 ಎಂದು ಇಳಿಸಿ. ಗುಣಮಟ್ಟ 70ಕ್ಕಿಂತ ಕೆಳಗೆ ಹೋಗುವ ಅಗತ್ಯ ನನಗೆ ಬಹಳ ಅಪರೂಪಕ್ಕೆ ಬಂದಿದೆ.

ಬೇರೆ ರೂಪಗಳೂ ಇವೆ. ಗೂಗಲ್ 2010ರಲ್ಲಿ ತಂದ ವೆಬ್‌ಪಿ, 2019ರಲ್ಲಿ ಬಂದ ಎವಿಐಎಫ್ ಅಷ್ಟೇ ಚೆಲುವನ್ನು ಕಡಿಮೆ ತೂಕದಲ್ಲಿ ಹಿಡಿಯುತ್ತವೆ. 2017ರಿಂದ ಐಫೋನ್‌ಗಳು ಬಳಸುವ ಎಚ್‌ಇಐಸಿಯೂ ಹಾಗೆಯೇ, ಆದರೆ ಅದನ್ನು ತೆರೆಯಲಾರದ ತಾಣಗಳು, ತಂತ್ರಾಂಶಗಳು ಇನ್ನೂ ಸಾಕಷ್ಟಿವೆ. ನೋಡುವವರ ಬಳಿ ಏನಿದೆ ಎಂದು ಗೊತ್ತಿಲ್ಲದಿದ್ದರೆ ಜೆಪೆಗ್ ಕಳಿಸುವುದೇ ಸರಿ.

ಕೈಗೆತ್ತಿಕೊಂಡಾಗ

ಮೂಲ ಫೋಟೊದ ಒಂದು ಪ್ರತಿ ಮಾಡಿಕೊಂಡು ಆ ಪ್ರತಿಯ ಮೇಲೆ ಕೆಲಸ ಶುರು ಮಾಡಿ. ಮೊದಲು ಬೇಡದ ಅಂಚುಗಳನ್ನು ಕತ್ತರಿಸಿ. ಇಲ್ಲಿ ಜಿಪುಣತನ ಬೇಡ: ದೂರದ ಹಕ್ಕಿ 4000 ಪಿಕ್ಸೆಲ್ ಅಗಲದಲ್ಲಿ ಬರೀ 500ನ್ನು ತುಂಬಿದ್ದರೆ, ಹಾಗೆಯೇ 1600ಕ್ಕೆ ಕುಗ್ಗಿಸಿದಾಗ ಅದಕ್ಕೆ 200 ಪಿಕ್ಸೆಲ್ ಮಾತ್ರ ಉಳಿಯುತ್ತದೆ. ಸುತ್ತಲಿನ ಖಾಲಿ ಜಾಗ ಕತ್ತರಿಸಿ 1600 ಮಾತ್ರ ಉಳಿಸಿಕೊಂಡರೆ ಹಕ್ಕಿಯ ಐನೂರೂ ಹಾಗೆಯೇ ಉಳಿಯುತ್ತವೆ, ಕುಗ್ಗಿಸುವ ಕೆಲಸವೇ ಇರುವುದಿಲ್ಲ. ಕತ್ತರಿಸಿದ ಮೇಲೆ ಉದ್ದನೆಯ ಬದಿಯನ್ನು 1600ಕ್ಕೆ ತನ್ನಿ, ಹಗುರಾಗಿ ಶಾರ್ಪನ್ ಮಾಡಿ, ಹೊಸ ಹೆಸರಿನಲ್ಲಿ ಜೆಪೆಗ್ ಆಗಿ ಉಳಿಸಿ.

ಇದಕ್ಕೆ ದುಬಾರಿ ತಂತ್ರಾಂಶ ಬೇಕಿಲ್ಲ. ವಿಂಡೋಸ್‌ನ ಪೇಂಟ್‌ನಲ್ಲಿ ರೀಸೈಜ್ ಎಂಬ ಆಯ್ಕೆಯಿದೆ, ಆದರೆ ಜೆಪೆಗ್ ಗುಣಮಟ್ಟವನ್ನು ಆರಿಸುವ ಅವಕಾಶ ಅದರಲ್ಲಿಲ್ಲ. ಮ್ಯಾಕ್‌ನ ಪ್ರಿವ್ಯೂನಲ್ಲಿ ಟೂಲ್ಸ್ ಪಟ್ಟಿಯಡಿ ಅಡ್ಜಸ್ಟ್ ಸೈಜ್ ಸಿಗುತ್ತದೆ. ಉಚಿತವಾಗಿ ಸಿಗುವ ಗಿಂಪ್‌ನಲ್ಲಿ ಇಮೇಜ್ ಪಟ್ಟಿಯಡಿ ಸ್ಕೇಲ್ ಇಮೇಜ್ ಇದೆ, ಸರಾಸರಿಯ ವಿಧಾನವನ್ನೂ ಅಲ್ಲೇ ಆರಿಸಬಹುದು. ನೂರಾರು ಫೋಟೊಗಳಿದ್ದರೆ ವಿಂಡೋಸ್‌ನಲ್ಲಿ ಇರ್ಫಾನ್‌ವ್ಯೂ ಎಲ್ಲವನ್ನೂ ಒಟ್ಟಿಗೆ ಕುಗ್ಗಿಸಿಕೊಡುತ್ತದೆ. ನನಗೆ ಬಹಳ ಇಷ್ಟವಾದದ್ದು ಬ್ರೌಸರ್‌ನಲ್ಲೇ ನಡೆಯುವ ಸ್ಕ್ವೂಶ್. ಪರದೆಯ ಒಂದು ಬದಿಯಲ್ಲಿ ಮೂಲ, ಇನ್ನೊಂದು ಬದಿಯಲ್ಲಿ ಕಿರಿದಾದದ್ದು, ಕೆಳಗೆ ತೂಕ. ಅಂಕಿ ಎಳೆದಂತೆಲ್ಲ ಏನು ಕಳೆದುಹೋಗುತ್ತಿದೆ ಎಂಬುದು ಕಣ್ಣೆದುರೇ ಕಾಣುತ್ತದೆ. ಫೋಟೊ ಬೇರೆಲ್ಲಿಗೂ ಹೋಗದೆ ನಮ್ಮ ಯಂತ್ರದೊಳಗೇ ಕುಗ್ಗುತ್ತದೆ ಎಂಬುದೂ ನೆಮ್ಮದಿಯ ಸಂಗತಿ. ಜೆಪೆಗ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕೆನ್ನುವವರು ಅದರಲ್ಲಿ ಹತ್ತು ನಿಮಿಷ ಕಳೆದರೆ ನನ್ನ ಇಷ್ಟೆಲ್ಲ ಮಾತುಗಳಿಗಿಂತ ಹೆಚ್ಚು ತಿಳಿಯುತ್ತದೆ.

ಫೋಟೊದ ಬೆನ್ನಿಗಂಟಿದ ಚೀಟಿ

ಫೋಟೊ ಜೊತೆಗೆ ಎಕ್ಸಿಫ್ ಎಂಬ ಒಂದು ಚೀಟಿ ಅಂಟಿಕೊಂಡಿರುತ್ತದೆ. ತೆಗೆದ ದಿನಾಂಕ, ಕ್ಯಾಮೆರಾ, ಲೆನ್ಸ್, ಷಟರ್ ವೇಗ ಎಲ್ಲ ಅದರಲ್ಲಿರುತ್ತವೆ. ಕುಗ್ಗಿಸಿದ ಮೇಲೆ ಫೋಟೊ ಅಡ್ಡ ಮಲಗಿಬಿಡುವ ಸಮಸ್ಯೆಗೂ ಮೂಲ ಇಲ್ಲೇ. ಫೋನನ್ನು ನೆಟ್ಟಗೆ ಹಿಡಿದು ತೆಗೆದರೂ ಒಳಗಿನ ಸಂವೇದಕ ತನ್ನ ಜಾಗದಲ್ಲಿ ತಿರುಗುವುದಿಲ್ಲ. ಫೋನ್ ಎಷ್ಟೋ ಸಲ ಫೋಟೊವನ್ನು ಅಡ್ಡವಾಗಿಯೇ ಉಳಿಸಿ, ‘ತೋರಿಸುವಾಗ ತಿರುಗಿಸು’ ಎಂದು ಚೀಟಿಯಲ್ಲಿ ಬರೆಯುತ್ತದೆ. ಕುಗ್ಗಿಸುವ ತಂತ್ರಾಂಶ ಚುಕ್ಕೆಗಳನ್ನು ತಿರುಗಿಸದೆ ಚೀಟಿಯನ್ನಷ್ಟೇ ಹರಿದೆಸೆದರೆ ಫೋಟೊ ಮಲಗುತ್ತದೆ. ಅಂಥ ಫೋಟೊವನ್ನು ತಂತ್ರಾಂಶದಲ್ಲಿ ತಿರುಗಿಸಿ ಮತ್ತೆ ಉಳಿಸಿದರೆ ಸರಿಹೋಗುತ್ತದೆ.

ಅದೇ ಚೀಟಿಯಲ್ಲಿ ಫೋಟೊ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳೂ ಇರಬಹುದು. ಮನೆಯಲ್ಲಿ ಆಡುತ್ತಿರುವ ಮಗುವಿನ ಫೋಟೊ ಹಂಚಿದರೆ ಮನೆಯ ವಿಳಾಸವನ್ನೂ ಹಂಚಿದಂತಾಗುತ್ತದೆ. ಕುಗ್ಗಿಸಿದ ಮಾತ್ರಕ್ಕೆ ಇದು ಅಳಿಯುತ್ತದೆ ಎಂಬ ಖಾತರಿಯಿಲ್ಲ. ಕೆಲವು ತಂತ್ರಾಂಶಗಳು ಅಳಿಸುತ್ತವೆ, ಕೆಲವು ಹಾಗೆಯೇ ಸಾಗಿಸುತ್ತವೆ. ವಿಂಡೋಸ್‌ನಲ್ಲಿ ಫೈಲಿನ ಪ್ರಾಪರ್ಟೀಸ್ ತೆರೆದು ನೋಡಿ, ಅಲ್ಲಿಯೇ ತೆಗೆದುಹಾಕಬಹುದು. ಕತ್ತರಿಸಿದ್ದು ನಿಜವಾಗಿಯೂ ಹೋಯಿತೇ ಎಂಬುದೂ ಯೋಚಿಸಬೇಕಾದ ಪ್ರಶ್ನೆ. 2023ರ ಮಾರ್ಚ್‌ನಲ್ಲಿ ಗೂಗಲ್ ಪಿಕ್ಸೆಲ್ ಫೋನ್‌ಗಳ ಚಿತ್ರ ತಿದ್ದುವ ಸಾಧನದಲ್ಲಿ ಒಂದು ದೋಷ ಬೆಳಕಿಗೆ ಬಂತು: ಕತ್ತರಿಸಿ ಉಳಿಸಿದ ಪರದೆಚಿತ್ರಗಳ ಫೈಲಿನ ಕೊನೆಯಲ್ಲಿ ಹಳೆಯ ಚಿತ್ರದ ಭಾಗ ಉಳಿದುಕೊಂಡು, ಅದನ್ನು ಮರಳಿ ಪಡೆಯಲು ಸಾಧ್ಯವಿತ್ತು. ಗುಟ್ಟಾಗಿರಬೇಕಾದದ್ದನ್ನು ಕತ್ತರಿಸಿ ಹಂಚುವಾಗ ಬೇರೆ ತಂತ್ರಾಂಶದಲ್ಲಿ ಹೊಸ ಫೈಲ್ ಆಗಿ ಉಳಿಸುವುದು ಕ್ಷೇಮ.

ಬಣ್ಣದ ವಿಚಾರವೂ ಸ್ವಲ್ಪ ಇದಕ್ಕೆ ಹತ್ತಿರದ್ದು. ಫೋಟೊದಲ್ಲಿರುವ ‘ಕೆಂಪು 200’ ಎಂಬ ಅಂಕಿ ಎಷ್ಟು ಕೆಂಪು ಎಂಬುದನ್ನು ಬಣ್ಣದ ಪ್ರೊಫೈಲ್ ಹೇಳುತ್ತದೆ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೊಸಾಫ್ಟ್ ಮುಂದಿಟ್ಟ ಎಸ್‌ಆರ್‌ಜಿಬಿ ಎಂಬ ಪ್ರೊಫೈಲ್ ಎಲ್ಲ ಪರದೆಗಳಿಗೂ ಪರಿಚಿತ. ಕ್ಯಾಮೆರಾವನ್ನು ಅಡೋಬಿ ಆರ್‌ಜಿಬಿ ಎಂಬ ಇನ್ನೊಂದು ಪ್ರೊಫೈಲ್‌ಗೆ ಇಟ್ಟು ತೆಗೆದ ಫೋಟೊದ ಪ್ರೊಫೈಲ್ ದಾರಿಯಲ್ಲಿ ಕಳಚಿಹೋದರೆ ಬಣ್ಣಗಳು ಸೋತು ಸಪ್ಪೆಯಾಗುತ್ತವೆ. ಉಳಿಸುವ ಮುನ್ನ ಎಸ್‌ಆರ್‌ಜಿಬಿಗೆ ಪರಿವರ್ತಿಸಿಬಿಡಿ.

ಮೂಲಪ್ರತಿ

ಜೆಪೆಗ್ ಫೈಲನ್ನು ತೆರೆದು ತಿದ್ದಿ ಮತ್ತೆ ಉಳಿಸಿದಾಗಲೆಲ್ಲ ಆ ಭಾಗಿಸುವ, ಪೂರ್ಣಾಂಕಕ್ಕೆ ತರುವ ಕೆಲಸ ಮತ್ತೊಮ್ಮೆ ನಡೆಯುತ್ತದೆ. ಕೈಯಿಂದ ಕೈಗೆ ದಾಟುವ ಫೋಟೊಗಳು ಪ್ರತಿ ದಾಟಿನಲ್ಲೂ ಒಂದಿಷ್ಟು ಸವೆಯುವುದು ಹೀಗೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊವನ್ನು ಕುಗ್ಗಿಸಿ ಹಂಚುವುದಕ್ಕಿಂತ, ತೆಗೆದವರಿಂದ ಅದನ್ನು ‘ಡಾಕ್ಯುಮೆಂಟ್’ ಆಗಿ ತರಿಸಿಕೊಂಡರೆ ಮೂಲ ಫೈಲ್ ಇದ್ದಂತೆಯೇ ಸಿಗುತ್ತದೆ.

ಕುಗ್ಗಿಸಿದ ಪ್ರತಿಗೆ ಹೊಸ ಹೆಸರು ಕೊಡಿ ಎಂದು ಮೇಲೆ ಹೇಳಿದ್ದು ಅನುಭವದ ಮಾತು. ಹಲವು ವರ್ಷಗಳ ಹಿಂದೆ ಒಂದು ಸಂಜೆ, ಮನೆಯವರಿಗೆಲ್ಲ ಇಮೇಲ್ ಮಾಡಲೆಂದು ಅಜ್ಜಿಯ ಫೋಟೊಗಳನ್ನು 640 × 480ಕ್ಕೆ ಕುಗ್ಗಿಸಿದೆ. ‘ಹಳೆಯ ಫೈಲಿನ ಮೇಲೆಯೇ ಬರೆಯಲೇ?’ ಎಂದು ತಂತ್ರಾಂಶ ಕೇಳಿತು. ಹೌದು ಎಂದು ಒತ್ತಿದೆ. ಇಮೇಲ್ ಹೋಯಿತು, ಎಲ್ಲರೂ ಸಂತೋಷಪಟ್ಟರು. ಕ್ಯಾಮೆರಾದ ಕಾರ್ಡ್ ಅಷ್ಟರಲ್ಲಿ ಖಾಲಿಯಾಗಿತ್ತು. ಅಜ್ಜಿ ತೀರಿಕೊಂಡ ಮೇಲೆ ಗೋಡೆಗೆ ಹಾಕಲೆಂದು ಒಂದು ಫೋಟೊ ಹುಡುಕಿದಾಗಲೇ ನಾನು ಏನು ಮಾಡಿದ್ದೆ ಎಂಬುದು ತಿಳಿದದ್ದು. 640 ಪಿಕ್ಸೆಲ್ 300ರ ಲೆಕ್ಕದಲ್ಲಿ ಎರಡು ಇಂಚಿಗಿಂತ ಸ್ವಲ್ಪ ಹೆಚ್ಚಷ್ಟೇ. ಮೂಲ ಫೋಟೊದಲ್ಲಿ ಅಜ್ಜಿಯ ಕನ್ನಡಕದ ಗಾಜಿನೊಳಗೆ ಎದುರಿನ ಕಿಟಕಿ, ಅದರ ಮುಂದೆ ಕ್ಯಾಮೆರಾ ಹಿಡಿದು ನಿಂತ ನಾನು ಇಬ್ಬರೂ ಕಾಣುತ್ತಿದ್ದೆವು. ಈಗ ಅಲ್ಲಿರುವುದು ಮೂರು ಬಿಳಿ ಪಿಕ್ಸೆಲ್, ಅವುಗಳ ಪಕ್ಕದಲ್ಲಿ ಒಂದು ಬೂದು.